ನಳದ ಕಾಕಾನ ಟಪಾಲು: ಗೇಟಿನ ನೀರು ಬೇರೆ, ನಾಲ್ಕನೇ ಮಹಡಿಯ ನೀರು ಬೇರೆ

ಈ ಸಲ ಟಪಾಲು ಜಾಸ್ತಿ. ಬಹಳಷ್ಟು ಪತ್ರಗಳು ಅಪಾರ್ಟ್‌ಮೆಂಟ್, ಹಾಸ್ಟೆಲ್, ಲಾಡ್ಜು, ಕಲ್ಯಾಣ ಮಂಟಪಗಳಿಂದ ಬಂದಿವೆ. ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. 1981ರಲ್ಲಿ ಬೆಳಗಾವಿಯ ಶಹಾಪುರದಲ್ಲಿ ಒಬ್ಬ ಮಿಸ್ತ್ರಿಯ ಹಿಂದೆ ಪಾನಾ ತುಂಬಿದ ಚೀಲ ಹೊತ್ತು ತಿರುಗಿದವನು. ಆಮೇಲೆ ಮೂವತ್ತೈದು ವರ್ಷ ಸ್ವಂತ ಕೆಲಸ. ಈಗ ಮೊಣಕಾಲು ಮಾತು ಕೇಳುವುದಿಲ್ಲ, ಟಾಕಿ ಹತ್ತುವುದು ಬಿಟ್ಟಿದ್ದೇನೆ. ಬರೆಯುವುದಕ್ಕೆ ಮೊಣಕಾಲು ಬೇಕಿಲ್ಲವಲ್ಲ.

*

ಕಾಕಾ, ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್, 1996ರಲ್ಲಿ ಕಟ್ಟಿದ್ದು. ಕೆಳಗೆ 50 ಸಾವಿರ ಲೀಟರ್ ಸಂಪು, ಮೇಲೆ 20 ಸಾವಿರದ ಟಾಕಿ, ಎರಡೂ ಯಾವಾಗಲೂ ತುಂಬಿರುತ್ತವೆ. ಹತ್ತು ಮನೆಗಳಿಗೆ ಬೀಗ, ಮಕ್ಕಳು ಪುಣೆ, ಬೆಂಗಳೂರಿನಲ್ಲಿ. ಗೇಟಿನ ಹತ್ತಿರದ ನಳದಲ್ಲಿ ಕಾರ್ಪೊರೇಷನ್ ನೀರು ಸ್ವಚ್ಛ ಬರುತ್ತದೆ. ಅದೇ ನೀರು ನಾಲ್ಕನೇ ಮಹಡಿಯಲ್ಲಿ ಬೆಳಗ್ಗೆ ಹಳದಿ, ಒಂಥರಾ ಹಳಸಲು ವಾಸನೆ. ಕಾರ್ಪೊರೇಷನ್‌ಗೆ ದೂರು ಕೊಡಬೇಕು ಅಂತ ಮೀಟಿಂಗ್‌ನಲ್ಲಿ ತೀರ್ಮಾನವಾಗಿದೆ. ಅರ್ಜಿ ಹೇಗೆ ಬರೆಯಲಿ?
— ಈ ವರ್ಷದ ಸೆಕ್ರೆಟರಿ, ಟಿಳಕವಾಡಿ, ಬೆಳಗಾವಿ

ಸೆಕ್ರೆಟರಿ ಸಾಹೇಬರೇ, ಅರ್ಜಿ ಸದ್ಯಕ್ಕೆ ಬೇಡ. ಗೇಟಿನಲ್ಲಿ ನೀರು ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ರಾಕಸಕೊಪ್ಪದಿಂದಲೋ ಹಿಡಕಲ್ ಡ್ಯಾಮಿನಿಂದಲೋ ಹೊರಟ ನೀರು ಮೈಲುಗಟ್ಟಲೆ ಪೈಪಿನಲ್ಲಿ ಬಂದು ನಿಮ್ಮ ಗೇಟಿನ ತನಕ ಕೆಟ್ಟಿಲ್ಲ. ಅಲ್ಲಿಂದ ಐವತ್ತು ಅಡಿ ಮೇಲೆ ಹತ್ತುವುದರೊಳಗೆ ಕೆಟ್ಟಿದೆ. ದೂರು ಕೊಡುವುದಾದರೆ ನಿಮ್ಮ ಕಟ್ಟಡದ ಮೇಲೆಯೇ ಕೊಡಬೇಕು.

ಒಂದು ಲೆಕ್ಕ ಮಾಡೋಣ. ಮನೆಗೆ ನಾಲ್ಕು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್. ಕಟ್ಟಡ ಕಟ್ಟುವವರು ಹಿಡಿಯುವ ಲೆಕ್ಕ ಇದು. ಬೀಗ ಹಾಕಿದ ಮನೆ ಬಿಟ್ಟು ಉಳಿದ 14 ಮನೆಗಳಿಗೆ ದಿನಕ್ಕೆ ಸುಮಾರು 7,500 ಲೀಟರ್ ಸಾಕು. ನೀವು ಹಿಡಿದಿಟ್ಟಿರುವುದು 70 ಸಾವಿರ. ಅಂದ್ರೆ ಇವತ್ತು ಸಂಪಿಗೆ ಬಿದ್ದ ನೀರು ನಿಮ್ಮ ಲೋಟಕ್ಕೆ ಬರುವುದು ಒಂಬತ್ತು ದಿನ ಬಿಟ್ಟು. ಮೂಲೆಯಲ್ಲಿ ನಿಂತದ್ದು ಇನ್ನೂ ಹಳೆಯದು. ಹೊಸ ಮೊಸರು ಕೊಂಡು ತಂದು ಒಂಬತ್ತು ದಿನ ಬಿಟ್ಟು ಉಣ್ಣುತ್ತೇವಾ?

ನೀರಿನ ಜೊತೆ ಬರುವ ಕ್ಲೋರಿನ್ ಇದೆಯಲ್ಲ, ಅದು ನಮ್ಮ ಕಾವಲುಗಾರ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ನಳದಲ್ಲಿ ಬರುವ ನೀರಿನ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ಅದು. ಆದರೆ ಕ್ಲೋರಿನ್ ಕೂತು ತಿನ್ನುವ ಆಸಾಮಿ ಅಲ್ಲ, ಕೆಲಸ ಮಾಡುತ್ತಾ ಮಾಡುತ್ತಾ ತೀರಿಹೋಗುತ್ತದೆ. ಟಾಕಿಯ ತಳದ ಕೆಸರು ಅದನ್ನು ತಿನ್ನುತ್ತದೆ. ಪೈಪಿನ ತುಕ್ಕು ತಿನ್ನುತ್ತದೆ. ಬಿಸಿಲಿಗೆ ಟಾಕಿ ಕಾದರೆ ಇನ್ನೂ ಬೇಗ ಖಾಲಿ. ಕಾವಲುಗಾರ ಹೋದ ಮೇಲೆ ಕಳ್ಳರಿಗೆ ಹಬ್ಬ. ಪೈಪಿನ ಒಳಮೈಗೆ ಒಂದು ಲೋಳೆ ಹಿಡಿಯುತ್ತದೆ, ಹೊಳೆಯ ಕಲ್ಲಿನ ಮೇಲಿನ ಜಾರಿಕೆ ಥರ. ಆ ಲೋಳೆಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ. ನಿಮ್ಮ ಹಳಸಲು ವಾಸನೆ ಅಲ್ಲಿಂದ ಬರುತ್ತಿರಬೇಕು.

ಹಳದಿ ಬಣ್ಣಕ್ಕೆ ಕಾರಣ ಬೇರೆ. 1996ರ ಕಟ್ಟಡ ಅಂದ್ರೆ ಜಿಐ ಪೈಪೇ ಇರಬೇಕು, ನಾನೇ ಅಂಥ ಎಷ್ಟೋ ಕಟ್ಟಡಕ್ಕೆ ಹಾಕಿದ್ದೇನೆ. ಕಬ್ಬಿಣದ ಮೇಲೆ ಸತುವಿನ ಲೇಪ. ಲೇಪ ಸವೆದ ಮೇಲೆ ಒಳಗೆ ಬರೀ ಕಬ್ಬಿಣ, ನೀರಿನಲ್ಲಿ. ನನ್ನ ಟೇಬಲ್ ಮೇಲೆ ಕಾಗದ ಹಾರದಂತೆ ಇಡಲು ಅಂಥದೇ ಒಂದು ತುಂಡು ಇದೆ. ಖಡೇಬಜಾರಿನ ಒಂದು ಹಳೆ ಕಟ್ಟಡದಿಂದ ಕೊಯ್ದು ತಂದದ್ದು. ಹೊರಗಿನಿಂದ ಒಂದು ಇಂಚಿನ ಪೈಪು, ಬಣ್ಣ ಬಳಿದು ಚೆಂದ ಇದೆ. ಒಳಗೆ ನೋಡಿದರೆ ಜೋನಿಬೆಲ್ಲದ ಬಣ್ಣದ ಗಂಟುಗಳು ಒಂದಕ್ಕೊಂದು ಅಂಟಿಕೊಂಡಿವೆ. ನನ್ನ ಕಿರುಬೆರಳೂ ತೂರುವುದಿಲ್ಲ. ಮೊಮ್ಮಗಳ ಪೆನ್ಸಿಲ್ ತೂರುತ್ತದೆ. ಆ ಸಂದಿಯಲ್ಲಿ ಮೂರು ಮನೆಯವರು ಹನ್ನೆರಡು ವರ್ಷ ನೀರು ಕುಡಿದಿದ್ದಾರೆ. ರಾತ್ರಿಯಿಡೀ ನಿಂತ ನೀರಿಗೆ ಆ ಗಂಟಿನ ಬಣ್ಣ ಇಳಿಯುತ್ತದೆ, ಬೆಳಗ್ಗೆ ಮೊದಲು ನಳ ಬಿಟ್ಟವರಿಗೆ ಸಿಗುತ್ತದೆ.

ಅಂದಾಜಿನ ಮೇಲೆ ಪೈಪು ಕೀಳಿಸಬೇಡಿ. ಹೀಗೆ ಮಾಡಿ. ಬೆಳಗ್ಗೆ ಐದೂವರೆಗೆ, ಯಾರೂ ನಳ ಬಿಡುವ ಮುಂಚೆ, ಆರಪಾರ ಕಾಣುವ ಬಾಟಲಿ ನಾಲ್ಕು ತಗೊಳ್ಳಿ. ಒಂದು ಗೇಟಿನ ನೀರು. ಒಂದು ಮೇಲಿನ ಟಾಕಿಯದು. ಮೂರನೆಯದು ನಾಲ್ಕನೇ ಮಹಡಿಯ ಅಡುಗೆಮನೆಯ ಮೊದಲ ನೀರು. ಅದೇ ನಳ ಎರಡು ನಿಮಿಷ ಬಿಟ್ಟು ನಾಲ್ಕನೆಯದು. ಸಾಲಾಗಿ ಬಿಳಿ ಕಾಗದದ ಮುಂದೆ ಇಡಿ. ಮೂರನೆಯದು ಮಾತ್ರ ಹಳದಿ ಇದ್ದು ನಾಲ್ಕನೆಯದು ತಿಳಿಯಾಗಿದ್ದರೆ ರೋಗ ಆ ಮನೆಯೊಳಗಿನ ಪೈಪಿನದು, ಖರ್ಚು ಆ ಮನೆಯವರದು. ನಾಲ್ಕನೆಯದೂ ಹಳದಿ, ಟಾಕಿಯದು ತಿಳಿ ಅಂದ್ರೆ ಟಾಕಿಯಿಂದ ಇಳಿಯುವ ದೊಡ್ಡ ಪೈಪು, ಖರ್ಚು ಎಲ್ಲರದು. ಟಾಕಿಯದೇ ಹಳದಿ ಇದ್ದರೆ ಟಾಕಿ ಇಲ್ಲವೇ ಸಂಪು. ಮೀಟಿಂಗ್‌ನಲ್ಲಿ ಜಗಳ ಆಗುವುದು ಈ ಖರ್ಚಿನ ಮೇಲೇ ಅಲ್ವಾ, ಅದಕ್ಕೇ ಬಾಟಲಿ ತುಂಬುವಾಗ ಇಬ್ಬರು ಸಾಕ್ಷಿ ಇರಲಿ. ಕ್ಲೋರಿನ್ ನೋಡುವ ಹನಿ ಔಷಧಿಯ ಪೆಟ್ಟಿಗೆ ಸಿಗುತ್ತದೆ, ಅದರಿಂದ ನಾಲ್ಕನ್ನೂ ನೋಡಿಬಿಡಿ. ಎಲ್ಲಿ ಬಣ್ಣ ಏಳುವುದಿಲ್ಲವೋ ಅಲ್ಲಿ ಕ್ಲೋರಿನ್ ಸತ್ತಿದೆ.

ಇನ್ನು ಸಂಪು. ಮುಚ್ಚಳ ತೆಗೆದು ನೋಡಿ, ನೀರು ಬೀಳುವ ಪೈಪು ಮತ್ತು ಮೋಟರ್ ಎಳೆಯುವ ಪೈಪು ಒಂದೇ ಮೂಲೆಯಲ್ಲಿವೆಯಾ? ಬಹಳ ಕಟ್ಟಡಗಳಲ್ಲಿ ಹಾಗೇ ಇರುತ್ತವೆ, ಅಗೆಯುವ ಖರ್ಚು ಉಳಿಸಲು. ಹಾಗಿದ್ದರೆ ಹೊಸ ನೀರು ಬಿದ್ದಲ್ಲಿಂದಲೇ ಮೇಲೆ ಹೋಗುತ್ತದೆ, ಆಚೆ ಮೂಲೆಯ ನೀರು ಕದಲುವುದೇ ಇಲ್ಲ. ಒಂದು ದಿನ ಹೊಸ ನೀರು ಕಡಿಮೆ ಬಂದಾಗ ಆ ಹಳೆ ನೀರು ಕೆಸರಿನ ಸಮೇತ ಎದ್ದು ಬರುತ್ತದೆ. ಎರಡನ್ನೂ ಎದುರುಬದುರು ಮಾಡಿಸಿ. ಮೋಟರ್ ಪೈಪಿನ ಬಾಯಿ ತಳದಿಂದ ಒಂದು ಗೇಣಾದರೂ ಮೇಲಿರಲಿ. ನೀರು ತುಂಬಿದಾಗ ತಾನೇ ಬಂದ್ ಮಾಡುವ ಫ್ಲೋಟ್ ಕೆಳಗಿಳಿಸಿ, ಎರಡು ಮೂರು ದಿನಕ್ಕೆ ಆಗುವಷ್ಟೇ ನೀರು ಹಿಡಿಯಿರಿ.

ಇದಕ್ಕೆ ಯಾರೂ ಒಪ್ಪುವುದಿಲ್ಲ, ಗೊತ್ತು. 2008ರಲ್ಲಿ ಬೆಳಗಾವಿಯ ಕೆಲವು ವಾರ್ಡುಗಳಿಗೆ ಪ್ರಯೋಗಕ್ಕೆ ಅಂತ 24 ತಾಸು ನೀರು ಬಂತು. ಆ ಕಡೆ ನಾನು ಕೆಲಸಕ್ಕೆ ಹೋದ ಮನೆಗಳಲ್ಲಿ ಒಬ್ಬರೂ ಟಾಕಿ ತೆಗೆಸಲಿಲ್ಲ. ಒಬ್ಬರು ಅಜ್ಜಿಯಂತೂ ಇನ್ನೊಂದು ಟಾಕಿ ಹಾಕಿಸಿದರು, "ಇಷ್ಟು ನೀರು ಬರುವಾಗ ಹಿಡಿದಿಟ್ಟುಕೊಳ್ಳಬೇಕಪ್ಪಾ" ಅಂತ. ನೀರಿಗೆ ಹೊಡೆದಾಡಿದ ಜನ ನಾವು, ಭಯ ಅಷ್ಟು ಬೇಗ ಹೋಗುವುದಿಲ್ಲ. ಸಂಪು ತುಂಬಿರಲೇಬೇಕು ಅನ್ನುವುದಾದರೆ ಅಡುಗೆಮನೆಗಳಿಗೆ ಮಾತ್ರ ಒಂದು ಸಣ್ಣ ಟಾಕಿ, ಸಾವಿರ ಲೀಟರಿನದು, ಬೇರೆ ಪೈಪು ಹಾಕಿಸಿ. ಬಟ್ಟೆ ಒಗೆಯಲು ಒಂಬತ್ತು ದಿನದ ನೀರು ನಡೆಯುತ್ತದೆ.

*

ಕಾಕಾ ಅವರಿಗೆ ನಮಸ್ಕಾರ. ನಮ್ಮದು 120 ಹುಡುಗಿಯರ ಹಾಸ್ಟೆಲ್. ರಜೆಗೆ ಮೂರು ವಾರ ಮುಚ್ಚುತ್ತೇವೆ. ಮುಚ್ಚುವ ಮುಂಚೆ ತಪ್ಪದೆ ಟಾಕಿ ತೊಳೆಸುತ್ತೇವೆ. ಆದರೂ ತೆರೆದ ಮೊದಲ ವಾರ ಪ್ರತಿ ಸಲ ಹತ್ತು ಹದಿನೈದು ಹುಡುಗಿಯರಿಗೆ ಹೊಟ್ಟೆ ಕೆಡುತ್ತದೆ. ಆರ್‌ಒ ಯಂತ್ರ ಕೂಡ ಇದೆ. ತಪ್ಪು ಎಲ್ಲಿ?
— ಹಾಸ್ಟೆಲ್ ವಾರ್ಡನ್, ನವನಗರ, ಬಾಗಲಕೋಟೆ

ಅಕ್ಕೋರೇ, ತೊಳೆಸಿದ ದಿನ ತಪ್ಪಾಗಿದೆ. ಮುಚ್ಚುವ ಮುಂಚೆ ಅಲ್ಲ, ತೆರೆಯುವ ಎರಡು ದಿನ ಮುಂಚೆ ತೊಳೆಸಬೇಕು. ನೀವು ಟಾಕಿ ತೊಳೆದು, ತುಂಬಿಸಿ, ಬೀಗ ಹಾಕಿ ಹೋದಿರಿ. ಆ ನೀರು ಮೂರು ವಾರ ಬಾಗಲಕೋಟೆಯ ಬಿಸಿಲಿಗೆ ಬೆಚ್ಚಗೆ ಕೂತಿತು. ಟಾಕಿಗಿಂತ ಹೆಚ್ಚಿನ ತಲೆನೋವು ಪೈಪಿನದು. ಪೈಪು ಸಪೂರ, ಅದರೊಳಗಿನ ನೀರೆಲ್ಲಾ ಗೋಡೆಗೆ ಒರಗಿಯೇ ಇರುತ್ತದೆ, ಲೋಳೆಯ ಪಕ್ಕದಲ್ಲೇ. ಟಾಕಿ ಎಷ್ಟು ತಿಕ್ಕಿದರೂ ಪೈಪಿನೊಳಗೆ ಬ್ರಷ್ ಹೋಗುವುದಿಲ್ಲವಲ್ಲ.

ತೆರೆಯುವ ಎರಡು ದಿನ ಮುಂಚೆ ಹಳೆ ನೀರು ಪೂರ್ತಿ ಖಾಲಿ ಮಾಡಿಸಿ. ಸುಮ್ನೆ ಚರಂಡಿಗೆ ಬಿಡಬೇಡಿ, ಗಿಡಗಳಿಗೆ ಹೋಗಲಿ. ಟಾಕಿ ತಿಕ್ಕಿಸಿ, ಕೆಸರು ತೆಗೆಸಿ, ಹೊಸ ನೀರು ತುಂಬಿಸಿ. ಈಗ ಬ್ಲೀಚಿಂಗ್ ಪೌಡರ್. ತಾಜಾ ಪೌಡರಿನಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ, ಆ ಲೆಕ್ಕಕ್ಕೆ ಸಾವಿರ ಲೀಟರಿಗೆ 150 ಗ್ರಾಂ. 5,000 ಲೀಟರಿನ ಟಾಕಿಗೆ 750 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಟಾಕಿಗೆ ಹಾಕಿಸಿ. ಹೋದ ವರ್ಷ ಬಾಯಿ ಬಿಚ್ಚಿಟ್ಟ ಚೀಲ ಬೇಡ, ಅದರಲ್ಲಿ ಉಳಿದಿರುವುದು ಸುಣ್ಣ ಅಷ್ಟೇ. ಪಾಯಖಾನೆ ತೊಳೆಯುವ ಆಸಿಡ್ ಆ ದಿನ ಹತ್ತಿರಕ್ಕೂ ಬರಬಾರದು. ಎರಡೂ ಕೂಡಿದರೆ ಏಳುವ ಗ್ಯಾಸು ಜೀವಕ್ಕೆ ಅಪಾಯ.

ಆಮೇಲೆ ಒಬ್ಬರನ್ನು ಕರೆದುಕೊಂಡು ನಳಗಳ ಮೆರವಣಿಗೆ ಹೊರಡಿ. ಟಾಕಿಗೆ ಹತ್ತಿರದ ನಳದಿಂದ ಶುರು, ಕೊನೆಯ ನಳದವರೆಗೆ. ಪ್ರತಿ ನಳದಲ್ಲೂ ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿಯುವ ತನಕ ಬಿಡಿ, ಬಡಿದ ಕೂಡಲೇ ಮುಚ್ಚಿ. ಆರ್‌ಒಗೆ ಹೋಗುವ ವಾಲ್ವ್ ಮೊದಲೇ ಬಂದ್ ಮಾಡಿರಬೇಕು, ಇಷ್ಟು ಕ್ಲೋರಿನ್ ತಗುಲಿದರೆ ಅದರ ಮೆಂಬ್ರೇನ್, ಅಂದ್ರೆ ನೀರು ಸೋಸುವ ಪದರ, ಸತ್ತೇಹೋಗುತ್ತದೆ. ಪ್ರತಿ ನಳಕ್ಕೂ "ಕುಡಿಯಬೇಡಿ" ಅಂತ ಚೀಟಿ ಕಟ್ಟಿಸಿ. ರಾತ್ರಿಯಿಡೀ ಹಾಗೇ ಇರಲಿ. ಮರುದಿನ ಎಲ್ಲಾ ಖಾಲಿ ಮಾಡಿ, ಹೊಸ ನೀರು ತುಂಬಿಸಿ, ಅದೇ ಮೆರವಣಿಗೆ ಇನ್ನೊಂದು ಸಲ.

ಮೆರವಣಿಗೆಯಲ್ಲಿ ನೀವು ಒಂದು ವಿಚಿತ್ರ ನೋಡುತ್ತೀರಿ. ಎಲ್ಲೋ ಒಂದು ಕಡೆ ಪೈಪು ಗೋಡೆಯಿಂದ ಹೊರಬಂದು, ಬಾಯಿಗೆ ಬೂಚು ಹಾಕಿಸಿಕೊಂಡು ನಿಂತಿರುತ್ತದೆ. ಮೊದಲು ಅಲ್ಲಿ ಬೇಸಿನ್ ಇತ್ತು, ಈಗ ಇಲ್ಲ. ಬೇಸಿನ್ ಕಿತ್ತವರು ಪೈಪು ಕೀಳಲಿಲ್ಲ. ನಾವು ಅದಕ್ಕೆ ಸತ್ತ ಪೈಪು ಅನ್ನುತ್ತೇವೆ. ಒಳಗಿನ ನೀರು ಎಷ್ಟು ವರ್ಷದ್ದೋ ದೇವರೇ ಬಲ್ಲ. ಪಕ್ಕದ ನಳ ಬಿಟ್ಟಾಗೆಲ್ಲಾ ಅದರಿಂದ ಒಂದಿಷ್ಟು ಹೊಲಸು ಕದಡಿ ಬರುತ್ತದೆ. ಬೂಚು ಹಾಕಿದರೆ ಸಾಲದು, ಪೈಪು ಕವಲೊಡೆದ ಜಾಗದಲ್ಲೇ ಕತ್ತರಿಸಿ ಮುಚ್ಚಿಸಬೇಕು.

ಆರ್‌ಒ ಇದೆ ಅಂತ ನಿಶ್ಚಿಂತೆ ಬೇಡ. ಅದರಿಂದ ಹೊರಬಂದ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಅಂಥ ನೀರು ಸ್ಟೀಲ್ ಟಾಕಿಯಲ್ಲಿ, ಕೂಲರಿನಲ್ಲಿ ನಿಂತರೆ ಬೇಗ ಕೆಡುತ್ತದೆ. ಕೂಲರಿನ ಮುಚ್ಚಳ ತೆಗೆಸಿ ಒಳಗೋಡೆಗೆ ಬೆರಳು ಹಚ್ಚಿ ನೋಡಿ. ಜಾರಿದರೆ ಸಿಟ್ಟಾಗಬೇಡಿ, ನಾನು ನೋಡಿದ ಕೂಲರುಗಳಲ್ಲಿ ಅರ್ಧಕ್ಕರ್ಧ ಜಾರುತ್ತಿದ್ದವು. ವಾರಕ್ಕೊಮ್ಮೆ ತಿಕ್ಕಿಸಿ. ನೀರು ಲ್ಯಾಬಿಗೆ ಕಳಿಸಿದಾಗ ಆರ್‌ಒ ಬಾಯಿಯಿಂದ ಒಂದು, ಹುಡುಗಿಯರು ಲೋಟ ಹಿಡಿಯುವ ನಳದಿಂದ ಒಂದು, ಎರಡು ಸ್ಯಾಂಪಲ್ ಕಳಿಸಿ. 100 ಮಿಲಿ ಲೀಟರ್ ನೀರಿನಲ್ಲಿ ಇ-ಕೋಲಿ, ಅಂದ್ರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಕಾಣಬಾರದು, ಮಾನಕ ಅಷ್ಟು ಕಟ್ಟುನಿಟ್ಟು. ಅಂದ ಹಾಗೆ ಹೊಟ್ಟೆ ಕೆಡಲು ಊಟವೂ ಕಾರಣ ಇರಬಹುದು. ಡಾಕ್ಟರಿಗೆ ತೋರಿಸಿ, ಎಲ್ಲಾ ಪೈಪಿನ ತಲೆಗೆ ಕಟ್ಟಬೇಡಿ.

*

ನಮ್ಮ ಕಲ್ಯಾಣ ಮಂಟಪಕ್ಕೆ ನಗರಸಭೆ ನಳ ಇದೆ, ಬೋರೂ ಇದೆ. ಮಿಸ್ತ್ರಿ ಎರಡನ್ನೂ ಒಂದೇ ಪೈಪಿಗೆ ಕೂಡಿಸಿ ನಡುವೆ ವಾಲ್ವ್ ಹಾಕಿದ್ದಾನೆ. ವಾಲ್ವ್ ಬಂದ್ ಇದ್ದರೆ ಕುಡಿಯುವ ನಳಕ್ಕೆ ಬೋರ್ ನೀರು ಬರಲ್ಲ ಅನ್ನುತ್ತಾನೆ. ಅಷ್ಟು ಸಾಕಲ್ವಾ?
— ಮ್ಯಾನೇಜರ್, ಗೋಕಾಕ

ಸಾಲದು. ನಿಮ್ಮ ಮಿಸ್ತ್ರಿಯನ್ನು ಬೈಯಲು ನನಗೆ ಬಾಯಿಲ್ಲ, ಏಕೆಂದರೆ ನಾನೂ ಹೀಗೇ ಮಾಡಿದವನು.

1994ರ ಮದುವೆ ಸೀಸನ್ನು. ಊರ ಹೊರಗಿನ ಒಂದು ಮಂಟಪ, ಹೆಸರು ಬೇಡ. ನಳದ ನೀರು ನಿಂತ ಕೂಡಲೇ ಬೋರ್ ನೀರು ಬರಬೇಕು ಅಂದರು ಮಾಲಕರು. ಮೂರು ಬಾಯಿಯ ಪೈಪು ಜೋಡಣೆ, ನಾವು ಟೀ ಅನ್ನುವುದು, ಒಂದು, ಮತ್ತೊಂದು ಗೇಟ್ ವಾಲ್ವ್. ಅರ್ಧ ದಿನದ ಕೆಲಸ. ದುಡ್ಡು ಎಣಿಸಿಕೊಂಡು ಬಂದೆ. ಆ ಬೋರಿನಿಂದ ಹತ್ತು ಮಾರು ದೂರದಲ್ಲಿ ಪಾಯಖಾನೆಯ ಗುಂಡಿ ಇತ್ತು, ನೋಡಿದ್ದೆ, ತಲೆಗೆ ಹೋಗಲಿಲ್ಲ. ಒಂದು ಮದುವೆ ಮುಗಿದು ಎರಡನೇ ದಿನಕ್ಕೆ ಬೀಗರ ಕಡೆಯವರು ಸುಮಾರು ಜನ ವಾಂತಿ ಭೇದಿಯಿಂದ ಮಲಗಿದರು. ಎಲ್ಲರೂ ಬಾಸುಂದಿಯ ಮೇಲೆ ಹಾಕಿದರು. ಅಡುಗೆಯವನಿಗೆ ಉಳಿದ ದುಡ್ಡೂ ಕೊಡಲಿಲ್ಲ. ಒಂದು ತಿಂಗಳ ಮೇಲೆ ವಾಲ್ವ್ ಸೋರುತ್ತದೆ ಅಂತ ನನ್ನನ್ನು ಕರೆದರು. ಬಿಚ್ಚಿ ನೋಡಿದೆ. ವಾಲ್ವಿನೊಳಗೆ ನೀರು ತಡೆಯುವ ಗೇಟಿನ ಕೆಳಗೆ ಜೋಳದ ಕಾಳಿನಷ್ಟು ಒಂದು ಕಲ್ಲು ಸಿಕ್ಕಿಕೊಂಡಿತ್ತು. ಚಕ್ರ ಎಷ್ಟು ತಿರುಗಿಸಿದರೂ ಗೇಟು ಪೂರ್ತಿ ಕೂರುತ್ತಿರಲಿಲ್ಲ. ಬಂದ್ ಅಂದುಕೊಂಡ ವಾಲ್ವ್ ಒಂದು ದಿನವೂ ಬಂದ್ ಇರಲಿಲ್ಲ. ಆಗ ನೀರು ಪರೀಕ್ಷೆ ಯಾರೂ ಮಾಡಿಸಲಿಲ್ಲ, ಆದರೆ ಆ ಕಲ್ಲು ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಾಲಕರಿಗೆ ಹೇಳಿದೆ. ಅಡುಗೆಯವನನ್ನು ಹುಡುಕಿಸಿದೆ, ಅವನು ಅಷ್ಟರಲ್ಲಿ ಊರು ಬಿಟ್ಟು ಮೀರಜ್ ಕಡೆ ಹೋಗಿದ್ದ.

ಇದು ನಮ್ಮ ಊರಿನ ದಡ್ಡತನ ಮಾತ್ರ ಅಲ್ಲ. 1933ರಲ್ಲಿ ಅಮೆರಿಕದ ಶಿಕಾಗೋದಲ್ಲಿ ದೊಡ್ಡ ಜಾಗತಿಕ ಜಾತ್ರೆ ನಡೆದಿತ್ತು. ಅಕ್ಕಪಕ್ಕದ ಎರಡು ದೊಡ್ಡ ಹೋಟೆಲುಗಳಲ್ಲಿ ಉಳಿದವರಿಗೆ ಅಮೀಬಾ ಭೇದಿ ಹಿಡಿಯಿತು. ನೂರರ ಹತ್ತಿರ ಜನ ಸತ್ತರು. ಕಾರಣ ಕೊಳಾಯಿ ಕೆಲಸ. ಹೊಲಸು ನೀರಿನ ಪೈಪಿಗೂ ಕುಡಿಯುವ ನೀರಿನ ಪೈಪಿಗೂ ಎಲ್ಲೆಲ್ಲೋ ಸಂಬಂಧ ಬೆಳೆದುಬಿಟ್ಟಿತ್ತು. ರೋಗ ಕಾಣಿಸಲು ದಿನ ಹಿಡಿಯುತ್ತದಲ್ಲ, ಅಷ್ಟರಲ್ಲಿ ಬಂದವರೆಲ್ಲಾ ತಮ್ಮ ತಮ್ಮ ಊರಿಗೆ ಹೋಗಿದ್ದರು. ಹಾಗಾಗಿ ಮೂಲ ಹಿಡಿಯಲು ತಡವಾಯಿತು. ಮದುವೆ ಮಂಟಪವೂ ಹಾಗೇ ಅಲ್ವಾ? ಉಂಡವರು ಚದುರಿ ಹೋಗುತ್ತಾರೆ.

ಎರಡು ನೀರು ಒಂದೇ ಪೈಪಿನಲ್ಲಿ ಎಂದೂ ಕೂಡಬಾರದು. ಕೂಡಿಸಲೇಬೇಕಾದರೆ ಟಾಕಿಯಲ್ಲಿ ಕೂಡಿಸಿ, ಮೇಲಿನಿಂದ ಬೀಳುವಂತೆ. ಬೀಳುವ ಪೈಪಿನ ಬಾಯಿಗೂ ಟಾಕಿಯಲ್ಲಿ ನೀರು ಏರುವ ಗೆರೆಗೂ ನಡುವೆ ಗಾಳಿ ಇರಬೇಕು, ಪೈಪಿನ ಅಗಲದ ಎರಡರಷ್ಟು. ಗಾಳಿಯನ್ನು ದಾಟಿ ಹೊಲಸು ಹಿಂದೆ ಹತ್ತುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಕಂಡ ವಾಲ್ವುಗಳಲ್ಲಿ ಕೆಡದ ವಾಲ್ವ್ ಈ ಗಾಳಿಯೊಂದೇ. ಆದರೂ ಬೋರ್ ನೀರು ಟಾಕಿಗೆ ಬಿದ್ದ ದಿನ ಆ ಟಾಕಿಯ ನೀರು ಕುಡಿಯುವ ಲೆಕ್ಕಕ್ಕೆ ಇಲ್ಲ, ಅದಕ್ಕೇ ಕುಡಿಯುವ ನಳಕ್ಕೆ ಬೇರೆ ಟಾಕಿ ಇಡಿ.

ನಮ್ಮಲ್ಲಿ ನೀರು ಬಂದು ಹೋಗುವ ಕಡೆ ಈ ಹಿಂದೆ ಹತ್ತುವ ಕಾಟ ಜಾಸ್ತಿ. ನೀರು ನಿಂತಾಗ ಪೈಪು ಖಾಲಿಯಾಗುತ್ತಾ ಉಸಿರು ಎಳೆಯುತ್ತದೆ. ಆ ಹೊತ್ತಿಗೆ ಪಾತ್ರೆ ತೊಳೆಯುವ ಬುಟ್ಟಿಯಲ್ಲಿ ರಬ್ಬರ್ ನಳಿಗೆ ಮುಳುಗಿದ್ದರೆ ಆ ನೀರು ಪೈಪಿಗೆ. ಪಾಯಖಾನೆಯ ಜೆಟ್ ಸ್ಪ್ರೇ ಕಮೋಡಿನೊಳಗೆ ಬಿದ್ದಿದ್ದರೆ, ಬಿಡಿ, ಊಟದ ಹೊತ್ತಿನಲ್ಲಿ ಓದುವವರೂ ಇರುತ್ತಾರೆ. ನಗರಸಭೆ ಪೈಪಿಗೆ ನೇರ ಮೋಟರ್ ಹಚ್ಚುವವರೂ ಇದನ್ನೇ ಮಾಡುತ್ತಾರೆ, ಬೀದಿಯ ಪೈಪಿನ ಬಿರುಕಿನಿಂದ ಗಟಾರದ ನೀರು ಎಳೆದು ಓಣಿಗೆಲ್ಲಾ ಕುಡಿಸುತ್ತಾರೆ.

ನಿಮ್ಮಲ್ಲಿ ನೀರು ಕೂಡುತ್ತಿದೆಯೋ ಇಲ್ಲವೋ ನೋಡಲು, ಆ ವಾಲ್ವ್ ಬಂದ್ ಇಟ್ಟು, ನಗರಸಭೆಯ ನೀರು ಗೇಟಿನಲ್ಲೇ ಬಂದ್ ಮಾಡಿ. ಅದರ ಟಾಕಿ ಖಾಲಿ ಮಾಡಿ. ಬೋರ್ ಚಾಲೂ ಇಡಿ. ಈಗ ಕುಡಿಯುವ ನಳ ಬಿಡಿ. ನೀರು ಬಂತು ಅಂದ್ರೆ ಆ ಮಿಸ್ತ್ರಿಯನ್ನು ಕರೆಸಿ ಈ ಪತ್ರಿಕೆ ಓದಿಸಿ.

*

ನಮ್ಮದು 30 ಕೋಣೆಗಳ ಲಾಡ್ಜ್. ಸೋಲಾರ್ ನೀರು ಮೈ ಸುಡುತ್ತದೆ ಅಂತ ಗಿರಾಕಿಗಳು ತಕರಾರು ಮಾಡಿದ್ದಕ್ಕೆ ಟಾಕಿಯನ್ನೇ 40–45 ಡಿಗ್ರಿಗೆ ಇಳಿಸಿದ್ದೇವೆ. ಅಡುಗೆಮನೆಯಲ್ಲಿ ಅದೇ ಬಿಸಿನೀರಿನಿಂದ ಚಹಾ, ಅನ್ನಕ್ಕೆ ಎಸರು. ಗ್ಯಾಸ್ ಉಳಿಯುತ್ತದೆ. ಏನಾದರೂ ತೊಂದರೆಯಾ?
— ಲಾಡ್ಜ್ ಮಾಲಕರ ಮಗ, ವಿಜಯಪುರ

ತಮ್ಮಾ, ಎರಡೂ ತಪ್ಪು. ಗ್ಯಾಸಿನದು ಮೊದಲು. ತಣ್ಣೀರಿಗಿಂತ ಬಿಸಿನೀರು ಪೈಪಿನ, ನಳದ ಲೋಹವನ್ನು ಜಾಸ್ತಿ ಕರಗಿಸುತ್ತದೆ. ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಬೆರೆಸಿರುತ್ತಾರೆ, ತಿರುಪು ಕಡೆಯಲು ಸುಲಭ ಆಗಲಿ ಅಂತ. ಸೀಸ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಾಯಿಗೆ ಹೋಗುವ ನೀರು ತಣ್ಣೀರಿನ ನಳದಿಂದಲೇ ಬರಲಿ, ಒಲೆಯ ಮೇಲೇ ಕಾಯಲಿ.

ಇನ್ನು 45 ಡಿಗ್ರಿ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮ್ಮೇಳನ ಆಯಿತು. ಸೇರಿದವರಲ್ಲಿ, ಹೋಟೆಲಿನ ಸುತ್ತಮುತ್ತ ಇದ್ದವರಲ್ಲಿ ನ್ಯುಮೋನಿಯಾ ಹಬ್ಬಿ 34 ಜನ ಸತ್ತರು. ಏನು ರೋಗ ಅಂತಲೇ ತಿಂಗಳುಗಟ್ಟಲೆ ತಿಳಿಯಲಿಲ್ಲ. 1977ರ ಜನವರಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಆ ಸೈನಿಕರ ಸಂಘದ ಹೆಸರಿನ ಮೇಲೆಯೇ ಲೀಜಿಯೊನೆಲ್ಲ ಅಂತ ಕರೆದರು. ಅದಕ್ಕೆ ಇಷ್ಟವಾದದ್ದು ಬೆಚ್ಚಗಿನ, ನಿಂತ ನೀರು. 25ರಿಂದ 45 ಡಿಗ್ರಿ ಅಂದ್ರೆ ತವರುಮನೆ. ಕುಡಿದರೆ ಬರುವ ರೋಗ ಅಲ್ಲ ಇದು. ಶವರಿನ ಸಣ್ಣ ತುಂತುರು ಉಸಿರಿನ ಜೊತೆ ಎದೆಗೆ ಹೋದರೆ ಬರುತ್ತದೆ. ವಯಸ್ಸಾದವರು, ಬೀಡಿ ಸಿಗರೇಟಿನವರು ಮೊದಲು ಬೀಳುತ್ತಾರೆ. ಟಾಕಿಯನ್ನು 60ಕ್ಕೆ ಏರಿಸಿ. ನಳಕ್ಕೆ ಬರುವಾಗ 50ಕ್ಕಿಂತ ಇಳಿಯಬಾರದು. ಮೈ ಸುಡದಂತೆ ತಣ್ಣೀರು ಬೆರೆಸುವ ವಾಲ್ವ್ ಶವರಿನ ಹತ್ತಿರವೇ ಕೂರಿಸಿ, ಟಾಕಿಯಲ್ಲಿ ಬೆರೆಸಬೇಡಿ.

ನಿಮ್ಮ ಊರಿನಲ್ಲಿ ಏಪ್ರಿಲ್, ಮೇ ತಿಂಗಳು ತಣ್ಣೀರಿನ ಟಾಕಿಯೂ ತಾನಾಗಿ ಬೆಚ್ಚಗಾಗುತ್ತದೆ. ಅದನ್ನು ಯಾವ ಮಿಸ್ತ್ರಿಯೂ ತಡೆಯಲಾರ. ಟಾಕಿಗೆ ನೆರಳು ಮಾಡಿ, ಕ್ಲೋರಿನ್ ನೋಡುತ್ತಿರಿ, ಗಿರಾಕಿ ಇಲ್ಲದ ಕೋಣೆಯ ಎಲ್ಲಾ ನಳ ವಾರಕ್ಕೊಮ್ಮೆ ಐದು ನಿಮಿಷ ಬಿಡಿಸಿ. ಶವರಿನ ತಲೆ ಬಿಚ್ಚಿ ಸುಣ್ಣದ ಹರಳು ತಿಕ್ಕಿಸಿ. ಆ ಹರಳಿನ ಸಂದಿಯೇ ಈ ಬ್ಯಾಕ್ಟೀರಿಯಾಗಳ ಗೂಡು.

ವಿಜಯಪುರದವರಿಗೆ ನೀರಿನ ಕೆಲಸ ಹೇಳಲು ನನಗೆ ಸ್ವಲ್ಪ ನಾಚಿಕೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ತಂದವರು ನೀವು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅಂತ ಎತ್ತರದ ಗೋಪುರ ಕಟ್ಟಿದ್ದಾರೆ, ಈಗಲೂ ನಿಂತಿವೆ. ನೀರು ಅದರೊಳಗೆ ಏರಿ, ಒತ್ತಡ ಮುರಿದು, ಹೊಲಸು ತಳದಲ್ಲಿ ಬಿಟ್ಟು ಮುಂದೆ ಹೋಗುತ್ತಿತ್ತು. ನಿಮ್ಮ ಲಾಡ್ಜಿನ ಟಾಕಿಗೆ ತಳದಲ್ಲಿ ಕೆಸರು ಹೊರಬಿಡಲು ಒಂದು ವಾಲ್ವಾದರೂ ಇದೆಯಾ? ಇಲ್ಲದಿದ್ದರೆ ಹಾಕಿಸು.

*

ಮೀಟರಿನಲ್ಲಿ ನಮ್ಮ ನೀರಿನ ಟಿಡಿಎಸ್ 60. ಅಂದ್ರೆ ಶುದ್ಧ ಅಲ್ವಾ?
— ಬ್ಯಾಂಕ್ ನೌಕರ, ಜಮಖಂಡಿ

ಟಿಡಿಎಸ್ ಅಂದ್ರೆ ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಲೆಕ್ಕ. ನಿಮ್ಮಲ್ಲಿ ಉಪ್ಪು ಕಡಿಮೆ, ಅಷ್ಟೇ. ಆ ಮೀಟರಿಗೆ ಸೂಕ್ಷ್ಮಜೀವಿ ಕಾಣುವುದಿಲ್ಲ. ಸೀಸಕ್ಕೆ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅದೂ ಆ ಮೀಟರಿಗೆ ಕಾಣುವುದಿಲ್ಲ. ಟಿಡಿಎಸ್ 500ರ ತನಕ ಇದ್ದರೂ ಮಾನಕ ಒಪ್ಪುತ್ತದೆ. ಗಟಾರದ ಹನಿ ಬಿದ್ದ ನೀರಿಗೂ ನಿಮ್ಮ ಮೀಟರು 60 ತೋರಿಸಬಹುದು.

*

ಹೊಸ ಮನೆಗೆ ಯಾವ ಪೈಪು? ಮಗು ಸಣ್ಣದು, ಸೀಸದ ಬಗ್ಗೆ ಓದಿ ಭಯವಾಗಿದೆ.
— ಗೃಹಿಣಿ, ಅಥಣಿ

ಪ್ಲಾಸ್ಟಿಕ್ ಪೈಪು: ತಣ್ಣೀರಿಗೆ ಯುಪಿವಿಸಿ, ಬಿಸಿನೀರಿಗೆ ಸಿಪಿವಿಸಿ, ಐಎಸ್‌ಐ ಗುರುತು ಇರುವುದು, ಕುಡಿಯುವ ನೀರಿಗೆ ಅಂತಲೇ ಮಾಡಿದ್ದು. ಪಿವಿಸಿ ಶಾಖಕ್ಕೆ ಕೆಡದಿರಲಿ ಅಂತ ಸೀಸ ಬೆರೆಸುವುದನ್ನು ತಡೆಯಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಗೋದಾಮಿನಲ್ಲಿ ಕೂತ ಹಳೆ ಮಾಲು ಅಗ್ಗಕ್ಕೆ ಸಿಕ್ಕರೂ ಬೇಡ. ಅಂಟು ಹಾಕಿದ ಮೇಲೆ ಒಂದು ದಿನ ಒಣಗಲಿ, ಆಮೇಲೆ ಒಂದು ಟಾಕಿ ನೀರು ಪೂರ್ತಿ ಹರಿಸಿ. ನಳದ ತುದಿಯ ಜಾಲರಿ ಬಿಚ್ಚಿ ತೊಳೆಯಿರಿ, ಕೊಯ್ದ ಚೂರು ಅಲ್ಲೇ ಕೂತಿರುತ್ತದೆ. ಮಗುವಿನ ಹಾಲಿಗೆ ಬೆಳಗಿನ ಮೊದಲ ನೀರು ಬಳಸಬೇಡವ್ವಾ.

*

ಊರಿಗೆಲ್ಲಾ ಹೇಳುವ ಕಾಕಾ ಮನೆಯಲ್ಲಿ ಯಾವ ನೀರು ಕುಡಿಯುತ್ತಾರೆ?
— ಕಾಲೇಜು ಹುಡುಗ, ಚಿಕ್ಕೋಡಿ

ಕಾರ್ಪೊರೇಷನ್ ನೀರು. ಬೆಳಗಿನ ಮೊದಲ ಒಂದು ಬಕೆಟ್ ಅಂಗಳಕ್ಕೆ ಮತ್ತು ದಾಸವಾಳಕ್ಕೆ. ಆಮೇಲಿನದು ಬಟ್ಟೆಯಲ್ಲಿ ಸೋಸಿ ತಾಮ್ರದ ಕೊಡಕ್ಕೆ. ಮಳೆಗಾಲದಲ್ಲಿ ನಿಮ್ಮ ಕಾಕೂ ಕುದಿಸುತ್ತಾಳೆ. ಹುಣಸೆಹಣ್ಣು ಹಚ್ಚಿ ಆ ಕೊಡ ತಿಕ್ಕುವುದು ನನ್ನ ಪಾಲಿನ ಕೆಲಸ, ನಿನ್ನೆ ತಿಕ್ಕಿಲ್ಲ ಅಂತ ಈಗ ಒಳಗಿನಿಂದ ಕೂಗುತ್ತಿದ್ದಾಳೆ.